ವಿಲೀನದ ನಂತರ ಸಹ-ಪೈಲಟ್‌ನ ಕೆಲಸ: ಪ್ರತಿಕ್ರಿಯೆ

ಏರ್‌ಬಸ್ ಎ320 ವಿಮಾನ ಹಾರಿಸುವ ನಿಮ್ಮ ತಮ್ಮನ ವಿಮಾನಯಾನ ಸಂಸ್ಥೆ ಇನ್ನೊಂದರಲ್ಲಿ ವಿಲೀನವಾಗುತ್ತಿದೆ, ಯಲಹಂಕದಲ್ಲಿ ಮನೆ ಸಾಲ ಮಾಡಬಹುದೇ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ವಿಲೀನ ಅಷ್ಟು ಭಯಪಡುವ ವಿಷಯವಲ್ಲ; ಬಾಗಿಲು ಮುಚ್ಚುವುದು ಭಯದ ವಿಷಯ. ನಮ್ಮ ಊರಿನದೇ ಆದ ಕಿಂಗ್‌ಫಿಶರ್ 2012ರಲ್ಲಿ ಹಾರಾಟ ನಿಲ್ಲಿಸಿದಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಬೆಂಗಳೂರಿನಲ್ಲೇ ನೆಲೆಯಿದ್ದ ಏರ್‌ಏಷ್ಯಾ ಇಂಡಿಯಾ 2024ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಸೇರಿಹೋಯಿತು. ಅದರ ಏರ್‌ಬಸ್‌ಗಳು ಬೋಯಿಂಗ್ 737ಗಳ ಜೊತೆ ಹಾರಾಟ ಮುಂದುವರಿಸಿದವು.

ನಿಜವಾದ ಪೆಟ್ಟು ಬೀಳುವುದು ಜ್ಯೇಷ್ಠತಾ ಪಟ್ಟಿಯಲ್ಲಿ. ಎರಡು ಪಟ್ಟಿಗಳನ್ನು ಹೊಸೆಯುವಾಗ ಸೇರಿದ ದಿನಾಂಕ ಲೆಕ್ಕಕ್ಕೋ, ಹಾರಾಟದ ಗಂಟೆಗಳೋ? ಇದರ ಮೇಲೆ ಕ್ಯಾಪ್ಟನ್ ಬಡ್ತಿ ವರ್ಷಗಟ್ಟಲೆ ಮುಂದೆ ಹೋಗಬಹುದು. ಹೊಸ ಸಂಬಳದಲ್ಲಿ ಖಚಿತವಾಗಿ ಸಿಗುವ ಗಂಟೆಗಳೆಷ್ಟು (ಅಂದರೆ ಹಾರಾಟ ಕಡಿಮೆಯಾದರೂ ಸಂಬಳ ಕೊಡಲೇಬೇಕಾದ ಗಂಟೆಗಳು), ಬೆಂಗಳೂರೇ ನೆಲೆಯಾಗಿ ಉಳಿಯುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಲಿ. ಬಾಯಿಮಾತಿಗೆ ಬ್ಯಾಂಕಿನವರು ಬೆಲೆ ಕೊಡುವುದಿಲ್ಲ, ನೀವೂ ಕೊಡಬೇಡಿ.

ವಿಮಾನದ ಮಾದರಿ ಬದಲಾದರೆ ಬೇರೆ ಟೈಪ್ ರೇಟಿಂಗ್, ಅಂದರೆ ಆ ಮಾದರಿ ಹಾರಿಸುವ ಅರ್ಹತೆ ಬೇಕು, ಸಿಮ್ಯುಲೇಟರ್ ತರಬೇತಿಯೂ ಬೇಕು. ಆ ಖರ್ಚು ಯಾರದು, ಕೆಲಸ ಬಿಡುವುದಿಲ್ಲ ಎಂಬ ಬಾಂಡ್ ಎಷ್ಟು ವರ್ಷದ್ದು ಎಂದು ಕೇಳಲೇಬೇಕು. ಅವನ ಕೈಯಲ್ಲಿರುವ ಎ320 ರೇಟಿಂಗ್ ಮಾತ್ರ ಒಳ್ಳೆಯ ಆಸ್ತಿ: ಇಂಡಿಗೊ 2023ರಲ್ಲಿ ಅದೇ ಕುಟುಂಬದ 500 ವಿಮಾನಗಳಿಗೆ ಆರ್ಡರ್ ಕೊಟ್ಟಿದೆ.

ಸಾಲ ಮಾಡಲಿ, ಆದರೆ ಕಂತನ್ನು ಈಗಿನ ಸಂಬಳಕ್ಕಲ್ಲ, ಖಚಿತ ಗಂಟೆಗಳ ಸಂಬಳಕ್ಕೆ ಹೊಂದಿಸಿ.