ಟ್ರೇಲರ್ ಎಳೆಯಲು ಫೋರ್ಡ್ ಎಫ್-150: ಟರ್ಬೊ ವಿ6 ಎಂಜಿನ್ನೋ, 5.0 ಲೀಟರಿನ ವಿ8 ಎಂಜಿನ್ನೋ?

ನೀವು ಕೇಳಿರುವುದು ಇಷ್ಟು: ಡೆನ್ವರ್ ಬಳಿ ನೆಲೆಸಿರುವ ನಿಮ್ಮ ನಾಲ್ವರ ಕುಟುಂಬ 6,500 ಪೌಂಡ್ ತೂಕದ ಕ್ಯಾಂಪಿಂಗ್ ಟ್ರೇಲರ್ ಎಳೆಯಲು ಎಫ್-150 ಪಿಕಪ್ ಕೊಳ್ಳಲು ಹೊರಟಿದೆ. ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಯಂತ್ರ) ಇರುವ 3.5 ಲೀಟರಿನ ಇಕೋಬೂಸ್ಟ್ ವಿ6 ಎಂಜಿನ್ ತೆಗೆದುಕೊಂಡರೆ ಎಂಟು ಸಿಲಿಂಡರಿನ ವಿ8ರ ಶಕ್ತಿ, ಆರು ಸಿಲಿಂಡರಿನ ವಿ6ರ ಮೈಲೇಜು ಎರಡೂ ಸಿಗುತ್ತವೆ ಎಂದು ಮಾರಾಟಗಾರರು ಹೇಳಿದ್ದಾರೆ. ಅದನ್ನು ನಂಬಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ಇದೇ ಕೊಲರಾಡೊದಲ್ಲಿ, ಇದೇ ಎಂಜಿನ್ನಿರುವ 2018ರ ಗಾಡಿಗೆ ಸುಮಾರು 6,000 ಪೌಂಡಿನ ಟ್ರೇಲರ್ ಕಟ್ಟಿಕೊಂಡು ಹಲವು ಬೇಸಿಗೆಗಳಿಂದ ಓಡಾಡುತ್ತಿದ್ದೇನೆ. ಎರಡೂ ಸಿಗುವುದು ನಿಜ, ಆದರೆ ಎರಡೂ ಒಂದೇ ಹೊತ್ತಿಗೆ ಸಿಗುವುದಿಲ್ಲ. ಆದರೂ ನಿಮ್ಮ ಊರಿಗೆ ನಾನು ಟರ್ಬೊ ಎಂಜಿನ್ನನ್ನೇ ಸೂಚಿಸುತ್ತೇನೆ, ಅದಕ್ಕೆ ಕಾರಣ ಮಾತ್ರ ಮೈಲೇಜು ಅಲ್ಲ.

ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಟರ್ಬೊ ಇದ್ದರೂ ಇಲ್ಲದಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಖಾಲಿ ಗಾಡಿ ಸಮತಟ್ಟಾದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಎಂಜಿನ್ನಿನ ಪೂರ್ಣ ಶಕ್ತಿಯ ಸಣ್ಣದೊಂದು ಪಾಲಷ್ಟೇ ಬೇಕಾಗುತ್ತದೆ. ಆಗ ದೊಡ್ಡ ಎಂಜಿನ್ ಅರೆಮುಚ್ಚಿದ ಥ್ರಾಟಲ್‌ನ (ಗಾಳಿ ಒಳಬಿಡುವ ಕವಾಟದ) ಮೂಲಕ ಪ್ರಯಾಸದಿಂದ ಗಾಳಿ ಎಳೆದುಕೊಳ್ಳುತ್ತ, ಎಂಟು ಪಿಸ್ಟನ್ನುಗಳ ಘರ್ಷಣೆಗೂ ದಂಡ ತೆರುತ್ತ ಒಂದಿಷ್ಟು ಪೆಟ್ರೋಲನ್ನು ವ್ಯರ್ಥವಾಗಿ ಸುಡುತ್ತದೆ. ಸಣ್ಣ ಎಂಜಿನ್ನಿಗೆ ಈ ನಷ್ಟ ಕಡಿಮೆ. ಟರ್ಬೊ ಗಾಡಿಯ ಮೈಲೇಜಿನ ಲಾಭವೆಲ್ಲ ಇಲ್ಲಿಂದಲೇ ಬರುವುದು. ಟ್ರೇಲರ್ ಕಟ್ಟಿ ಏರು ಹತ್ತಲು ಹೊರಟಿರೆಂದರೆ ಟರ್ಬೊ ಹೆಚ್ಚು ಗಾಳಿಯನ್ನು ಒತ್ತಿ ತುಂಬುತ್ತದೆ, ಗಾಳಿಗೆ ತಕ್ಕಷ್ಟು ಪೆಟ್ರೋಲೂ ಹೋಗಲೇಬೇಕು. ಇದರ ಮೇಲೆ ಇನ್ನೆರಡು ಖರ್ಚುಗಳಿವೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ ಭಯವಿದೆ. ಅದನ್ನು ತಡೆಯಲು ಈ ಎಂಜಿನ್ನಿನ ಕಂಪ್ರೆಷನ್ ಅನುಪಾತವನ್ನು, ಅಂದರೆ ಸಿಲಿಂಡರಿನಲ್ಲಿ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಎಂಬುದನ್ನು, 10.5ಕ್ಕೆ ಇಳಿಸಿದ್ದಾರೆ (5.0 ಲೀಟರಿನ ವಿ8ರಲ್ಲಿ 2018ರಿಂದ ಅದು 12), ಭಾರ ಹೆಚ್ಚಾದಾಗ ಕಂಪ್ಯೂಟರ್ ಕಿಡಿಯನ್ನೂ ತುಸು ತಡಮಾಡುತ್ತದೆ; ಎರಡರಿಂದಲೂ ಪೆಟ್ರೋಲಿನ ಶಕ್ತಿ ಪೂರ್ತಿ ಕೈಗೆ ಸಿಗುವುದಿಲ್ಲ. ಜೊತೆಗೆ ಹೊಗೆಯ ಬಿಸಿ ಮಿತಿಮೀರಿದರೆ ಟರ್ಬೊದೊಳಗಿನ ಟರ್ಬೈನ್ ಚಕ್ರವನ್ನು ಕಾಪಾಡಲು ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುವ ಪ್ರಸಂಗವೂ ಬರುತ್ತದೆ.

ನನ್ನ ಅನುಭವದ ಅಂಕಿಗಳನ್ನೇ ಹೇಳುತ್ತೇನೆ. ಖಾಲಿ ಗಾಡಿ ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 21 ಮೈಲಿ ಕೊಡುತ್ತದೆ, ಅಂದರೆ ಲೀಟರಿಗೆ ಸುಮಾರು 9 ಕಿಲೋಮೀಟರ್. ಟ್ರೇಲರ್ ಕಟ್ಟಿಕೊಂಡು ನೆಬ್ರಾಸ್ಕಾದ ಬಯಲಿನಲ್ಲಿ ಎದುರುಗಾಳಿಗೆ ಓಡಿಸಿದಾಗ ಅದು 9 ಮೈಲಿಗೆ ಇಳಿದಿದೆ, ಲೀಟರಿಗೆ 4 ಕಿಲೋಮೀಟರ್ ಕೂಡ ಇಲ್ಲ. ಇದೇ ಅಳತೆಯ ಟ್ರೇಲರನ್ನು ವಿ8ರಲ್ಲಿ ಎಳೆಯುವ ನನ್ನ ಸ್ನೇಹಿತರೂ ಇದೇ ಅಂಕಿಯನ್ನು ಹೇಳುತ್ತಾರೆ. ಕ್ಯಾಂಪಿಂಗ್ ಟ್ರೇಲರ್ ಎಂದರೆ ಗಾಳಿಗೆ ಅಡ್ಡ ಹಿಡಿದ ಒಂದು ಗೋಡೆ. ಬಯಲು ದಾರಿಯಲ್ಲಿ ಎಂಜಿನ್ನಿನ ದುಡಿಮೆಯ ಬಹುಪಾಲು ಆ ಗೋಡೆಯನ್ನು ನೂಕುವುದಕ್ಕೇ ಹೋಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಗಂಟೆಗೆ 65 ಮೈಲಿಯ ಬದಲು 75ರಲ್ಲಿ ಓಡಿಸಿದರೆ ಆ ತಡೆ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಆದ್ದರಿಂದ ಎಂಜಿನ್ನಿನ ಆಯ್ಕೆಗಿಂತ ನಿಮ್ಮ ಬಲಗಾಲೇ ಇಲ್ಲಿ ಹೆಚ್ಚು ಪೆಟ್ರೋಲ್ ಉಳಿಸಬಲ್ಲದು. ಖಾಲಿ ಓಟಕ್ಕೆ ಸರ್ಕಾರಿ ಪರೀಕ್ಷೆ ಕೊಡುವ ಅಂಕಿಗಳಲ್ಲೂ 3.5 ಲೀಟರಿನ ಟರ್ಬೊಗೂ ವಿ8ಕ್ಕೂ ನಡುವೆ ಇರುವುದು ಗ್ಯಾಲನ್ನಿಗೆ ಸುಮಾರು ಒಂದು ಮೈಲಿಯ ಅಂತರ. ಮೈಲೇಜನ್ನೇ ನಂಬಿ ಈ ಎಂಜಿನ್ನಿಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ. ಸಾಧ್ಯವಿದ್ದರೆ 36 ಗ್ಯಾಲನ್ನಿನ ದೊಡ್ಡ ಟ್ಯಾಂಕಿರುವ ಗಾಡಿಯನ್ನೇ ಹುಡುಕಿ. 9 ಮೈಲಿಯ ಲೆಕ್ಕದಲ್ಲಿ ಅದರ ಬೆಲೆ ಮೊದಲ ಪ್ರವಾಸದಲ್ಲೇ ತಿಳಿಯುತ್ತದೆ.

ಹಾಗಾದರೆ ಟರ್ಬೊ ಯಾವುದಕ್ಕೆ? 2021ರ ಮಾದರಿಯಲ್ಲಿ ಎರಡೂ ಎಂಜಿನ್ನುಗಳ ಗರಿಷ್ಠ ಶಕ್ತಿ 400 ಅಶ್ವಶಕ್ತಿಯೇ. ಆದರೆ ಟರ್ಬೊ ತನ್ನ 500 ಪೌಂಡ್-ಅಡಿ ಟಾರ್ಕನ್ನು (ತಿರುಗಿಸುವ ಬಲವನ್ನು) 3,100 ಆರ್‌ಪಿಎಂನಲ್ಲೇ, ಅಂದರೆ ನಿಮಿಷಕ್ಕೆ 3,100 ಸುತ್ತಿನಲ್ಲೇ, ಕೊಡುತ್ತದೆ. ವಿ8 ತನ್ನ 410 ಪೌಂಡ್-ಅಡಿಯನ್ನು ಮುಟ್ಟಬೇಕಾದರೆ 4,250ರವರೆಗೆ ತಿರುಗಬೇಕು. ನಮ್ಮ ಊರಿನ ಕಡೆ ಟರ್ಬೊ ಎಂದೊಡನೆ ನೆನಪಾಗುವುದು ಡೀಸೆಲ್ ಲಾರಿ; ಕೆಳಗಿನ ಆರ್‌ಪಿಎಂನಲ್ಲೇ ಭಾರವನ್ನು ನಿಧಾನವಾಗಿ ಹೊತ್ತೊಯ್ಯುವ ಆ ಗುಣ ಈ ಪೆಟ್ರೋಲ್ ಎಂಜಿನ್ನಿಗೂ ಸ್ವಲ್ಪ ಮಟ್ಟಿಗೆ ಬಂದಿದೆ. 2011ರಲ್ಲಿ ಈ ಎಂಜಿನ್ ಮೊದಲ ಬಾರಿಗೆ ಎಫ್-150ರಲ್ಲಿ ಬಂದಾಗ ಪಿಕಪ್‌ಗೆ ವಿ8 ಬೇಕೇ ಬೇಕು ಎನ್ನುವವರೇ ಹೆಚ್ಚಿದ್ದರು. 2022ರ ಹೊತ್ತಿಗೆ ಟೊಯೋಟಾ ಕೂಡ ತನ್ನ ಟಂಡ್ರಾ ಪಿಕಪ್ಪಿನ 5.7 ಲೀಟರಿನ ವಿ8ನ್ನು ಕೈಬಿಟ್ಟು ಜೋಡಿ ಟರ್ಬೊ ವಿ6 ಹಾಕಿತು.

ನಿಮಗೆ ನಿಜವಾಗಿ ಮುಖ್ಯವಾದದ್ದು ಎತ್ತರ. ಡೆನ್ವರ್ ಇರುವುದೇ 5,280 ಅಡಿಯಲ್ಲಿ. ಅಲ್ಲಿಂದ ಐ-70 ಹೆದ್ದಾರಿ ಪಶ್ಚಿಮಕ್ಕೆ ಹತ್ತುತ್ತ ಐಸನ್‌ಹೋವರ್ ಸುರಂಗದಲ್ಲಿ 11,000 ಅಡಿ ದಾಟುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸಮುದ್ರಮಟ್ಟದ 400 ಅಶ್ವಶಕ್ತಿ ಆ ಸುರಂಗದ ಬಾಯಿಗೆ ಬರುವಷ್ಟರಲ್ಲಿ 270ರ ಆಸುಪಾಸಿಗೆ ಇಳಿದಿರುತ್ತದೆ. ಟರ್ಬೊ ಇನ್ನಷ್ಟು ವೇಗವಾಗಿ ತಿರುಗಿ ಆ ತೆಳು ಗಾಳಿಯನ್ನೇ ಒತ್ತಿ ಕೊಡುವುದರಿಂದ ಅದರ ನಷ್ಟ ಬಹಳ ಕಡಿಮೆ. ಕಳೆದ ಜುಲೈಯಲ್ಲಿ ಜಾರ್ಜ್‌ಟೌನ್ ದಾಟಿ ಸುರಂಗದತ್ತ ಹತ್ತುವಾಗ ನನ್ನ ಗಾಡಿ 3,300 ಆರ್‌ಪಿಎಂನಲ್ಲಿ, ಗಂಟೆಗೆ 50 ಮೈಲಿ ವೇಗದಲ್ಲಿ, ಗೇರನ್ನು ಪದೇ ಪದೇ ಬದಲಿಸದೆ ಸಾಗುತ್ತಿತ್ತು. ಅದೇ ಹೊತ್ತಿನಲ್ಲಿ ಪರದೆಯ ಮೇಲಿನ ಮೈಲೇಜು 4ಕ್ಕೆ ಬಂದು ನಿಂತಿತ್ತು. ಕೊಡುವುದು ಏನು, ಪಡೆಯುವುದು ಏನು ಎಂಬುದು ಆ ಒಂದು ಪರದೆಯಲ್ಲೇ ಕಾಣುತ್ತಿತ್ತು. ಕಂಪನಿಗಳು ಘೋಷಿಸುವ ಎಳೆಯುವ ಸಾಮರ್ಥ್ಯದ ಪರೀಕ್ಷೆಗೆ ಮಾದರಿಯಾಗಿರುವುದು ಅರಿಜೋನಾದ ಡೇವಿಸ್ ಡ್ಯಾಮ್ ಏರು. ಅದರ ತುದಿ 4,000 ಅಡಿಯನ್ನೂ ಮುಟ್ಟುವುದಿಲ್ಲ. ನಮ್ಮ ಬೆಟ್ಟಗಳ ಬಗ್ಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ. ನೀವು ಹ್ಯೂಸ್ಟನ್ನಿನಂಥ ಸಮತಟ್ಟಾದ, ಸಮುದ್ರಮಟ್ಟದ ಊರಿನಲ್ಲಿದ್ದಿದ್ದರೆ ವಿ8 ಕೂಡ ಸಾಕು ಎಂದು ನಾನೇ ಬರೆಯುತ್ತಿದ್ದೆ.

ಪೆಟ್ರೋಲಿನ ವಿಷಯದಲ್ಲಿ ದಯವಿಟ್ಟು ಎಚ್ಚರ ವಹಿಸಿ. ಕೊಲರಾಡೊದ ಬಂಕುಗಳಲ್ಲಿ 'ರೆಗ್ಯುಲರ್' ಎಂದು ಮಾರುವುದು ಹೆಚ್ಚಾಗಿ 85 ಆಕ್ಟೇನ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯದೆ ತಾಳುವ ಗುಣದ ಅಂಕಿ). ತೆಳು ಗಾಳಿಯಲ್ಲಿ ಹಳೆಯ ಕಾಲದ ಎಂಜಿನ್ನುಗಳಿಗೆ ಅದು ನಡೆಯುತ್ತಿತ್ತು ಎಂಬುದು ಅದರ ಹಿಂದಿನ ತರ್ಕ. ಎತ್ತರದ ಕೊರತೆಯನ್ನು ತಾನೇ ತುಂಬಿಕೊಳ್ಳುವ ಟರ್ಬೊಗೆ ಆ ತರ್ಕ ಅನ್ವಯಿಸುವುದೇ ಇಲ್ಲ. ಗಾಡಿಯ ಕೈಪಿಡಿಯೇ 87ಕ್ಕಿಂತ ಕಡಿಮೆ ಬೇಡ ಎನ್ನುತ್ತದೆ, ಟ್ರೇಲರ್ ಎಳೆಯುವಾಗ 91 ಒಳ್ಳೆಯದು ಎನ್ನುತ್ತದೆ. ನಾನು ಟ್ರೇಲರ್ ಕಟ್ಟುವ ಹಿಂದಿನ ದಿನವೇ 91 ತುಂಬಿಸುತ್ತೇನೆ. ಈ ಹೆಚ್ಚುವರಿ ಖರ್ಚನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಎಂಜಿನ್ ಆಯಿಲನ್ನು 5,000 ಮೈಲಿಗೆ ಬದಲಿಸಿ, ಪರದೆ ತೋರಿಸುವ ತನಕ ಕಾಯಬೇಡಿ.

ಹತ್ತುವುದರಲ್ಲಿ ಟರ್ಬೊ ಮೇಲಾದರೂ ಇಳಿಯುವುದರಲ್ಲಿ ಅದು ಹಿಂದೆ. ಎಂಜಿನ್ ಬ್ರೇಕಿಂಗ್‌ಗೆ (ಎಂಜಿನ್ನಿನ ತಡೆಯಿಂದಲೇ ವೇಗ ತಗ್ಗಿಸುವುದಕ್ಕೆ) ಬೇಕಾಗಿರುವುದು ಎಂಜಿನ್ನಿನ ಗಾತ್ರ, 3.5 ಲೀಟರಿನ ಎಂಜಿನ್ 5 ಲೀಟರಿನದರಷ್ಟು ತಡೆ ಕೊಡಲಾರದು. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ನಮ್ಮ ಘಾಟಿ ಚಾಲಕರ ಮಾತನ್ನು ನಾನು ಮೊದಲ ವರ್ಷ ಮರೆತಿದ್ದೆ. ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆಗಿನ ಶೇಕಡಾ 7ರ ಇಳಿಜಾರಿನಲ್ಲಿ ಟೋ-ಹಾಲ್ ಗುಂಡಿ (ಭಾರ ಎಳೆಯುವಾಗ ಗೇರನ್ನು ಕೆಳಗೇ ಹಿಡಿದಿಡುವ ಗುಂಡಿ) ಒತ್ತದೆ ಬ್ರೇಕನ್ನೇ ನೆಚ್ಚಿಕೊಂಡು ಬಂದೆ. ಕೆಳಗೆ ನಿಲ್ಲಿಸಿದಾಗ ಕಾದ ಬ್ರೇಕಿನ ವಾಸನೆ ಕ್ಯಾಬಿನ್ ತುಂಬ ಹರಡಿತ್ತು, ಚಕ್ರದ ಹತ್ತಿರ ಕೈ ಒಯ್ದರೆ ಒಲೆಯ ಬಾಯಿಯಂತೆ ಝಳ ಹೊಡೆಯುತ್ತಿತ್ತು. ಮುಕ್ಕಾಲು ಗಂಟೆ ಅಲ್ಲೇ ಕಾದೆವು. ಈಗ ಸುರಂಗದೊಳಗೇ ವೇಗ ಇಳಿಸಿ, ಗೇರನ್ನು ಕೈಯಾರೆ ಕೆಳಗಿಳಿಸಿಕೊಂಡೇ ಹೊರಬರುತ್ತೇನೆ.

ಕೊನೆಯದಾಗಿ, ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ಸಂಗತಿ. 13,000 ಪೌಂಡ್ ಎಳೆಯುತ್ತದೆ ಎಂಬ ಜಾಹೀರಾತಿನ ಅಂಕಿಗೆ ಬಹಳ ಮೊದಲೇ ನಿಮ್ಮನ್ನು ತಡೆಯುವುದು ಗಾಡಿ ತನ್ನ ಬೆನ್ನ ಮೇಲೆ ಹೊರಬಲ್ಲ ತೂಕ. ಟ್ರೇಲರಿನ ತೂಕದ ಶೇಕಡಾ 10ರಿಂದ 15ರಷ್ಟು ಗಾಡಿಯ ಹಿಂಬದಿಯ ಮೇಲೆ ಕೂರುತ್ತದೆ. 6,500 ಪೌಂಡಿಗೆ 13ರಂತೆ ಹಿಡಿದರೆ ಅದೇ ಸುಮಾರು 850 ಆಯಿತು. ನಾಲ್ಕು ಜನರಿಗೆ 600, ತೂಕ ಹಂಚುವ ಹಿಚ್‌ಗೆ (ಟ್ರೇಲರ್ ಕಟ್ಟುವ ಕೊಂಡಿಗೆ) 100 ಸೇರಿಸಿದರೆ ಐಸ್ ಪೆಟ್ಟಿಗೆ, ಸೈಕಲ್ಲುಗಳ ಮಾತು ಬರುವ ಮೊದಲೇ ಸುಮಾರು 1,550 ಆಗುತ್ತದೆ. ಚರ್ಮದ ಸೀಟು, ಗಾಜಿನ ಛಾವಣಿ ಇರುವ ದುಬಾರಿ ಗಾಡಿಗಳಲ್ಲಿ ಈ ಸಾಮರ್ಥ್ಯ ಇನ್ನೂ ಕಡಿಮೆ. ನೀವು ಹೇಳಿದ 6,500 ಟ್ರೇಲರಿನ ಖಾಲಿ ತೂಕವೋ ತುಂಬಿದ ತೂಕವೋ ಎಂಬುದನ್ನೂ ನೋಡಿಕೊಳ್ಳಿ. 40 ಗ್ಯಾಲನ್ ನೀರು ತುಂಬಿಸಿದರೆ ಅದೊಂದೇ 330 ಪೌಂಡು. ಶೋರೂಮಿಗೆ ಹೋದಾಗ ಚಾಲಕನ ಬಾಗಿಲು ತೆರೆದು, ಬಾಗಿಲ ಚೌಕಟ್ಟಿನ ಕಂಬದ ಮೇಲೆ ಅಂಟಿಸಿರುವ ಟೈರ್ ಒತ್ತಡದ ಚೀಟಿಯಲ್ಲಿ ಜನ ಹಾಗೂ ಸಾಮಾನು ಒಟ್ಟಾಗಿ ಎಷ್ಟು ಮೀರಬಾರದು ಎಂದು ಬರೆದಿದೆಯೋ ಅದನ್ನು ಫೋಟೋ ತೆಗೆದುಕೊಳ್ಳಿ. ಆ ಅಂಕಿ 1,800ಕ್ಕಿಂತ ಕೆಳಗಿದ್ದರೆ, ಒಳಗೆ ಯಾವ ಎಂಜಿನ್ನೇ ಇರಲಿ, ಪಕ್ಕದಲ್ಲಿ ನಿಂತಿರುವ ಇನ್ನೊಂದು ಗಾಡಿಯ ಬಾಗಿಲು ತೆರೆಯಿರಿ.