ಎಪಿಡ್ಯೂರಲ್ ಕೊಟ್ಟು ಹೆರಿಗೆಯಾದ ಮೇಲೆ ತಲೆನೋವು: ಯಾವಾಗ ಆಸ್ಪತ್ರೆಗೆ ಓಡಬೇಕು?

ಹೆರಿಗೆಯಾಗಿ ಮೂರು ದಿನ, ತಲೆ ಸಿಡಿಯುತ್ತಿದೆ, ಇದು ಹೆರಿಗೆ ನೋವು ತಿಳಿಯದಿರಲೆಂದು ಬೆನ್ನಿಗೆ ಕೊಟ್ಟ ಎಪಿಡ್ಯೂರಲ್ ಸೂಜಿಯಿಂದಲೇ ಬಂದಿದ್ದಾ ಅಂತ ಕೇಳಿದ್ದೀರಿ. ಮೊದಲು ಇದನ್ನು ಗಮನಿಸಿ: ಮಲಗಿದರೆ ನೋವು ಇಳಿಯುತ್ತಾ?

ಸೂಜಿ ಬೆನ್ನುಹುರಿಯ ಸುತ್ತಲಿನ ಪೊರೆಗೆ ತಾಗಿ ಒಳಗಿನ ದ್ರವ ಸೋರಿದರೆ, ಸಾಮಾನ್ಯವಾಗಿ 5 ದಿನದೊಳಗೆ ತಲೆನೋವು ಶುರುವಾಗುತ್ತದೆ. ಹಾಲು ಕುಡಿಸಲು ಎದ್ದು ಕೂತರೆ ಹಣೆ, ಹಿಂದಲೆ ಜಗ್ಗಿದ ಹಾಗಾಗುತ್ತದೆ. ದಿಂಬಿಗೆ ತಲೆ ಇಟ್ಟರೆ ಹಗುರ. ಕತ್ತು ಬಿಗಿಯಬಹುದು, ಕಿವಿ ಮಂದವಾಗಬಹುದು. ಇದನ್ನೂ ಡಾಕ್ಟರಿಗೆ ಹೇಳಲೇಬೇಕು. ನೋವು ಜಾಸ್ತಿಯಿದ್ದರೆ ನಿಮ್ಮದೇ ರಕ್ತವನ್ನು ಬೆನ್ನಿನಲ್ಲಿ ಸೂಜಿ ಹಾಕಿದ ಜಾಗದ ಹತ್ತಿರ ಕೊಟ್ಟು ಸೋರಿಕೆ ಮುಚ್ಚುತ್ತಾರೆ.

ಮಲಗಿದರೂ ಬಿಡದ ನೋವಿನ ಕಥೆಯೇ ಬೇರೆ. ಮೊದಲು ಬಿಪಿ ನೋಡಿಸಿ. ಬಸುರಿಯಾಗಿದ್ದಾಗ ಬಿಪಿ ಸರಿಯಿತ್ತು ಅಂತ ಸುಮ್ನಿರಬೇಡಿ. ಹೆರಿಗೆಯಾಗಿ 6 ವಾರದವರೆಗೂ ಏರಬಹುದು. 140/90 ದಾಟಿದರೆ, ಜೊತೆಗೆ ಕಣ್ಣು ಮಂಜಾದರೆ ಅಥವಾ ಪಕ್ಕೆಲುಬಿನ ಕೆಳಗೆ ನೋವಿದ್ದರೆ ಅದು ಪ್ರೀಎಕ್ಲಾಂಪ್ಸಿಯಾ (ಬಸುರಿ, ಬಾಣಂತಿಯರಲ್ಲಿ ಬಿಪಿ ಏರಿ ಬರುವ ಅಪಾಯದ ಕಾಯಿಲೆ) ಇರಬಹುದು, ಫಿಟ್ಸ್‌ಗೂ ತಿರುಗಬಹುದು. 160/110 ಮುಟ್ಟಿದರಂತೂ ತುರ್ತು.

ಜ್ವರದ ಜೊತೆ ಕತ್ತು ಬಿಗಿದರೆ ಮೆದುಳು ಪೊರೆಯ ಸೋಂಕಿನ ಅನುಮಾನ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ಫಿಟ್ಸ್, ಮಂಪರು ಇದ್ದರೆ ರಕ್ತಸ್ರಾವವೋ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದೋ ಸ್ಕ್ಯಾನ್ ಮಾಡಿಯೇ ತಿಳಿಯಬೇಕು.

ಇನ್ನೊಂದು ಮಾತು ಎಷ್ಟೋ ಜನರಿಗೆ ಗೊತ್ತಿರಲ್ಲ. ಮೊದಲು ಮಲಗಿದರೆ ಇಳಿಯುತ್ತಿದ್ದ ನೋವು ಆಮೇಲೆ ಮಲಗಿದರೂ ಇಳಿಯದಿದ್ದರೆ, ಅದೇ ಹಳೇ ನೋವು ಅಂದುಕೊಳ್ಳಬೇಡಿ. ಸೋರಿಕೆಯ ನಂತರ ಅಪರೂಪಕ್ಕೆ ತಲೆಬುರುಡೆಯೊಳಗೆ ರಕ್ತ ಸೇರುವುದುಂಟು. ಕೂಡಲೇ ಹೋಗಿ, ಎಪಿಡ್ಯೂರಲ್ ಆಗಿತ್ತು ಅಂತ ಮೊದಲೇ ಹೇಳಿ.