ಭಟ್ಟಿಗೆ ದುಬಾರಿ ಲೇಪ ಬೇಕಾ?

ಪ್ರಶ್ನೆ: ನಾನು, ನನ್ನ ಹೆಂಡತಿ ಸಣ್ಣ ಕಟ್ಟಿಗೆ ಭಟ್ಟಿಯಲ್ಲಿ ಗ್ಲೇಜ್ (ಗಾಜಿನಂಥ ಹೊಳಪು) ಇರುವ ಮಣ್ಣಿನ ಬಟ್ಟಲು ಸುಟ್ಟು ಜೀವನ ಮಾಡುತ್ತೇವೆ. ಭಟ್ಟಿ ಹಾಕಿದಾಗಲೆಲ್ಲ ನಾಲ್ಕಾರು ಬಟ್ಟಲು ಭಟ್ಟಿಯೊಳಗೆ ಅವನ್ನಿಡುವ ಹಲಗೆಗೆ ಅಂಟಿ ಹಾಳಾಗುತ್ತವೆ. ಒಳಗೋಡೆಯ ಇಟ್ಟಿಗೆಯೂ ಉದುರುತ್ತಿದೆ. ಗೋಡೆಗೆ ಶಾಖ ಉಳಿಸುವ ದುಬಾರಿ ಲೇಪವನ್ನು ಸಾಲ ಮಾಡಿಯಾದರೂ ಹಚ್ಚಿಸಿ ಎನ್ನುತ್ತಾರೆ. ಹಚ್ಚಿಸಲೇ?

ಉತ್ತರ: ಸಾಲ ಬೇಡ. ಮೊದಲು ಹಲಗೆ ನೋಡಿಕೊಳ್ಳಿ. ಬಟ್ಟಲು ಅಂಟಿದರೆ ಬರೀ ಮಣ್ಣು ಹೋಗುವುದಿಲ್ಲ. ಚಕ್ರದ ಮುಂದೆ ಕೂತ ಹೊತ್ತು, ಗ್ಲೇಜು, ಕಟ್ಟಿಗೆ ಎಲ್ಲ ಹೋಗುತ್ತದೆ ಅಲ್ವಾ?

ಗ್ಲೇಜ್ ಕಚ್ಚದಂತೆ ಹಲಗೆಗೆ ಹಚ್ಚುವ ಲೇಪವನ್ನು ನೀವೇ ಕಲಸಬಹುದು. ಅಲ್ಯುಮಿನಾ ಹೈಡ್ರೇಟ್ ಎಂಬ ಬಿಳಿ ಪುಡಿ, ಕಯೋಲಿನ್ ಎಂಬ ಬಿಳಿ ಜೇಡಿಮಣ್ಣು ಸಮಸಮ. ಕಯೋಲಿನ್‌ನಲ್ಲಿ ಅರ್ಧವನ್ನು ಮೊದಲೇ ಸುಟ್ಟುಕೊಳ್ಳಿ. ಎಲ್ಲವೂ ಸುಡದ ಹಸಿ ಮಣ್ಣಾಗಿದ್ದರೆ ಲೇಪ ಕುಗ್ಗಿ ಬಿರಿಯುತ್ತದೆ. ಶುರುವಿನಲ್ಲಿ ನಾನು ಇದನ್ನು ಬಿಟ್ಟಿದ್ದೆ. ಮೇಲಿನ ಹಲಗೆಯಿಂದ ಚಕ್ಕೆ ಎದ್ದು ಕೆಳಗಿನ ತಟ್ಟೆಯ ನಟ್ಟನಡುವೆ ಬಿದ್ದು, ಗ್ಲೇಜಿನಲ್ಲಿ ಹೂತುಹೋಗಿತ್ತು. ತುಂಬ ಆಸೆಪಟ್ಟು ಮಾಡಿದ ತಟ್ಟೆ ಅದು. ಇವತ್ತಿಗೂ ನೆನಪಿದೆ.

ನೀರು ಹಾಕಿ ಕಲಸಿದ್ದರಲ್ಲಿ ಬೆರಳು ಅದ್ದಿ ಎತ್ತಿದರೆ ಉಗುರು ಮಸುಕಾಗಿ ಕಾಣಬೇಕು, ಅಷ್ಟು ತೆಳುವಾಗಿರಲಿ. ಹಲಗೆಯನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಅಗಲ ಕುಂಚದಲ್ಲಿ ಎರಡು ಮೂರು ಸಲ ಹಚ್ಚಿ. ಮೇಲ್ಮೈಗೆ ಮಾತ್ರ. ಅಡಿಭಾಗಕ್ಕೂ ಅಂಚಿಗೂ ಬೇಡ, ಅಲ್ಲಿಂದಲೇ ಉದುರುವುದು. ಹಳೇ ಲೇಪ ಕೆರೆಯುವಾಗ ಮಾಸ್ಕ್ ಹಾಕಿಕೊಳ್ಳಿ, ಆ ದೂಳು ಎದೆಗೆ ಕೆಟ್ಟದ್ದು. ಬಟ್ಟಲಿನ ಪಾದಕ್ಕೆ ತಗುಲಿದ ಗ್ಲೇಜನ್ನೂ ಪೂರ್ತಿ ಒರೆಸಿ. ಗ್ಲೇಜ್ ಹರಿಯುವುದನ್ನು ಯಾವ ಲೇಪವೂ ತಡೆಯುವುದಿಲ್ಲ. ಹರಿದರೆ ಹಲಗೆಯಾದರೂ ಉಳಿಯುತ್ತದೆ, ಅಷ್ಟೇ.

ಇನ್ನು ಗೋಡೆ. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಷ್ ಎಂಬ ಕ್ಷಾರ ಇರುತ್ತದೆ. ಜೋರು ಕಾವಿನಲ್ಲಿ ಅದು ಇಟ್ಟಿಗೆಯ ಮೈಯನ್ನೇ ಕರಗಿಸುತ್ತದೆ. ಉದುರುವ ಇಟ್ಟಿಗೆಗೆ ಎಂಥ ಲೇಪ ಹಚ್ಚಿದರೂ ಇಟ್ಟಿಗೆಯ ಸಿಪ್ಪೆ ಸಮೇತ ಕಳಚಿ ಬೀಳುತ್ತದೆ. ತೀರಾ ಹಾಳಾದವನ್ನು ಬದಲಿಸಿ. ಸಂದುಗಳಿಗೆ ಫೈರ್ ಕ್ಲೇಗೆ (ಜೋರು ಕಾವು ತಡೆಯುವ ಮಣ್ಣಿಗೆ) ಸುಟ್ಟ ಮಣ್ಣಿನ ತರಿ ಸೇರಿಸಿ ಮೆತ್ತಿ. ಬಾಗಿಲನ್ನು ಬೇಗ ತೆಗೆಯಬೇಡಿ. ಭಟ್ಟಿ ತಣಿಯುವಾಗ ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ ಎಂಬ ಖನಿಜ ಒಮ್ಮೆಗೇ ಕುಗ್ಗುತ್ತದೆ. ಆಗ ತಣ್ಣನೆ ಗಾಳಿ ನುಗ್ಗಿದರೆ ಬಟ್ಟಲೂ ಬಿರಿಯುತ್ತದೆ, ಹಲಗೆಯೂ ಸೀಳುತ್ತದೆ.

ಒಂದು ನೋಟ್‌ಬುಕ್ ಇಡಿ. ಒಳಗಿಟ್ಟದ್ದೆಷ್ಟು, ಮಾರುವಂತೆ ಹೊರಬಂದದ್ದೆಷ್ಟು, ಕಟ್ಟಿಗೆ ಎಷ್ಟು ಸುಟ್ಟಿತು, ಪ್ರತಿ ಸಲ ಬರೆಯಿರಿ. ಐದಾರು ಭಟ್ಟಿಯ ಲೆಕ್ಕ ಸಿಕ್ಕಿದ ಮೇಲೆ ನನಗೆ ಕಳಿಸಿ. ಆ ದುಬಾರಿ ಲೇಪದ ವಿಚಾರ ಆಗ ಕೂತು ನೋಡೋಣ.